85% ಲಾಜಿಕ್ಕು

ಮೊನ್ನೆ ಆಫೀಸಲ್ಲಿ ಒಂದು ಇಫ್ ಕಂಡೀಷನ್ ಉಲ್ಟಾ ಬರೆದು ಬೈಸಿಕೊಂಡೆ ನೋಡಿ, ಮೂರನೇ ಸೆಮ್ ನೆನಪಾಯ್ತು. 2016ನೇ ಇಸವಿ. ವಿಟಿಯು, ಡಿಸ್ಕ್ರೀಟ್ ಮ್ಯಾಥ್ಸ್, ಮೊದಲ ಮಾಡ್ಯೂಲೇ ಲಾಜಿಕ್. ಎಕ್ಸಾಮಿಗೆ 80, ಇಂಟರ್ನಲ್ಸ್‌ಗೆ 20. ಅಟೆಂಡೆನ್ಸ್ 85% ಇಲ್ಲದಿದ್ರೆ ಎಕ್ಸಾಮಿಗೇ ಕೂರಿಸಲ್ಲ.

ನನ್ನದು 92%. ಕೊನೇ ಬೆಂಚು, ಒಳ್ಳೇ ನಿದ್ದೆ. ರೂಮ್‌ಮೇಟ್‌ದು 78%. ಅವರಪ್ಪ ಆಸ್ಪತ್ರೆಯಲ್ಲಿದ್ದರು. ಸರಿಯಾದ ಕಾರಣವಿದ್ರೆ ವಿನಾಯಿತಿ ಕೇಳಬಹುದಿತ್ತು. ಮೆಡಿಕಲ್ ಸರ್ಟಿಫಿಕೇಟ್ ಜೊತೆ ಲೆಟರ್ ಬರೆದು, "ಎಚ್‌ಓಡಿಗೆ ಕೊಡೋ ಮಾರಾಯ" ಅಂತ ನನ್ನ ಕೈಗಿಟ್ಟು ಊರಿಗೆ ಹೋದ. ಅದು ನನ್ನ ಬ್ಯಾಗಲ್ಲೇ ಒಂದು ವಾರ ಉಳೀತು. ಕೊಡುವಷ್ಟರಲ್ಲಿ ಲಿಸ್ಟ್ ಹೋಗಿಯಾಗಿತ್ತು.

ಎಕ್ಸಾಮಿನ ಹಿಂದಿನ ರಾತ್ರಿ ಫೋನಲ್ಲಿ ನನಗೆ ಪಾಠ ಹೇಳಿದ್ದೂ ಅವನೇ. "'ಪಿ ಆದರೆ ಕ್ಯೂ' ಅಂದ್ರೆ 'ಕ್ಯೂ ಆದರೆ ಪಿ' ಅಂತಲ್ಲ ಕಣೋ. ಎಕ್ಸಾಮ್ ಬರೆಯೋರಿಗೆಲ್ಲ ಅಟೆಂಡೆನ್ಸ್ ಇರತ್ತೆ, ನಿಜ. ಅಟೆಂಡೆನ್ಸ್ ಇರೋರೆಲ್ಲ ಎಕ್ಸಾಮ್ ಬರೀತಾರಾ? ನಿನ್ನನ್ನೇ ನೋಡು, ಬರೀ ಕೂತು ಬರ್ತೀಯ!"

ಇಬ್ಬರೂ ನಕ್ಕೆವು.

ನಾನು ಪಾಸಾದೆ. ಅವನು ಆ ಪೇಪರ್ ಬರೆಯಲೇ ಇಲ್ಲ. "ಎಚ್‌ಓಡಿ ಒಪ್ಪಲಿಲ್ಲ ಕಣೋ" ಅಂದಿದ್ದೆ. ಲೆಟರ್ ಕೊಟ್ಟಿದ್ದೇ ತಡ ಅಂತ ಇವತ್ತಿನವರೆಗೂ ಹೇಳಿಲ್ಲ.

ನೀವೆಲ್ಲ ಓದೋ ಮುಂಚೆ ಇದನ್ನ ಅವನಿಗೆ ಕಳಿಸಿದ್ದೀನಿ. ಇನ್ನೂ ಉತ್ತರ ಬಂದಿಲ್ಲ.