ಮನೆಮಂದಿಗೆಲ್ಲಾ ಒಂದು ದಿನ, ಕೈಯಲ್ಲಿ ಐನೂರು ರೂಪಾಯಿ

ರಜೆ ಬಂತೆಂದರೆ ಮಕ್ಕಳಿಗೆ ಸಂಭ್ರಮ, ಹೆತ್ತವರಿಗೆ ಲೆಕ್ಕಾಚಾರ. ಕಳೆದ ಕ್ರಿಸ್‌ಮಸ್ ರಜೆಗೆ ಮುಂಚೆ ನಮ್ಮ ಮನೆಯಲ್ಲೂ ಹೀಗೇ ಆಯಿತು. ಐದನೇ ತರಗತಿಯಲ್ಲಿ ಓದುವ ಮಗಳು ಶಾಲೆಯಿಂದ ಬಂದವಳೇ, "ಮಮ್ಮಿ, ನನ್ನ ಕ್ಲಾಸಿನವರು ವಾಟರ್ ಪಾರ್ಕಿಗೆ ಹೋಗ್ತಾರಂತೆ. ರಜೆ ಮುಗಿದ ಮೇಲೆ ಎಲ್ಲಿಗೆ ಹೋಗಿದ್ದಿ ಅಂತ ಟೀಚರ್ ಕೇಳ್ತಾರೆ. ಕಳೆದ ವರ್ಷ ನಾನು ಸುಳ್ಳು ಹೇಳಿದ್ದೆ" ಎಂದಳು.

"ಏನು ಸುಳ್ಳು?"

"ಊಟಿಗೆ ಹೋಗಿದ್ದೆವು ಅಂತ."

ಸುಳ್ಳು ಹೇಳಿದ್ದಕ್ಕೆ ಬೈಯಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ನನ್ನವರು ರಿಕ್ಷಾ ಓಡಿಸುವವರು. ರಿಕ್ಷಾದ ಸಾಲ, ಮನೆ ಖರ್ಚು, ಅತ್ತೆಯವರ ಮದ್ದು ಎಲ್ಲ ಕಳೆದು ಊಟಿಗೆ ಹೋಗುವಷ್ಟು ಉಳಿಯುವುದಿಲ್ಲ. ವಾಟರ್ ಪಾರ್ಕಿನ ಟಿಕೆಟ್ಟನ್ನು ಐದು ಜನರಿಗೆ ಗುಣಿಸಿ ನೋಡಿದರೆ ಒಂದು ತಿಂಗಳ ದಿನಸಿ ಬರುತ್ತದೆ.

ರಾತ್ರಿ ಊಟದ ಹೊತ್ತಿಗೆ ವಿಷಯ ತೆಗೆದೆ. "ಐನೂರು ರೂಪಾಯಿಯೊಳಗೆ ಎಲ್ಲಿಗಾದರೂ ಹೋಗಿ ಬರುವ" ಎಂದೆ. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಐನೂರು ಮಾತ್ರ ಅಲ್ಲ, ಒಂದು ದಿನದ ಬಾಡಿಗೆಯೂ ಹೋಗ್ತದಲ್ಲ" ಎಂದರು. ಅದು ನಿಜವೇ. ಟಿಕೆಟ್ಟಿನ ಹಣಕ್ಕಿಂತ ದುಡಿಯುವವನ ಒಂದು ದಿನವೇ ನಮ್ಮಂಥ ಮನೆಗಳಿಗೆ ದೊಡ್ಡ ಖರ್ಚು. ಮಗಳ ಊಟಿಯ ಕತೆ ಹೇಳಿದ ಮೇಲೆ ಅವರು ಮತ್ತೆ ಲೆಕ್ಕ ಮಾತಾಡಲಿಲ್ಲ. ಅತ್ತೆ ಮಾತ್ರ, "ನೀವು ಹೋಗಿ ಬನ್ನಿ, ನನ್ನ ಮೊಣಕಾಲು ಕಟ್ಟಿಕೊಂಡು ನಿಮಗೆ ಯಾಕೆ ಕಷ್ಟ? ನಾನು ಮನೆ ನೋಡಿಕೊಳ್ತೇನೆ" ಎಂದರು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಗುರವಾಯಿತು. ಒಂದು ಟಿಕೆಟ್ ಉಳಿಯಿತು ಎಂದುಕೊಂಡೆ. ಆದರೆ ಏಳು ವರ್ಷದ ಮಗ ಬಿಡಲಿಲ್ಲ. "ಅಜ್ಜಿ ಬಾರದಿದ್ದರೆ ನಾನೂ ಬರುವುದಿಲ್ಲ" ಎಂದು ಹಟ ಹಿಡಿದ. ಹಾಗೆ ನಾವು ಐವರಾದೆವು.

ಕಿಟಕಿ ಬದಿಯ ಸೀಟು

ನಮ್ಮದು ಮಂಜೇಶ್ವರ. ಬೆಳಗ್ಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬೇಕಲ ಕೋಟೆ ಸ್ಟೇಷನ್ನಿಗೆ ಹೊರಟೆವು. ಅಲ್ಲಿ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ, ಆದ್ದರಿಂದ ಮೊದಲೇ ಸಮಯ ವಿಚಾರಿಸಿಕೊಳ್ಳಬೇಕು. ಸಾದಾ ಟಿಕೆಟ್ಟಿನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಹಣವಿಲ್ಲ, ಹನ್ನೆರಡರೊಳಗಿನವರಿಗೆ ಅರ್ಧ ಟಿಕೆಟ್.

ಇವರು ದಿನವೂ ಜನರನ್ನು ಸ್ಟೇಷನ್ನಿಗೆ ಬಿಟ್ಟು ಬರುವವರು, ಗಾಡಿ ಹತ್ತುವುದು ಅಪರೂಪ. ಅಂದು ಮಗನಿಗಿಂತ ಮೊದಲು ಕಿಟಕಿ ಹಿಡಿದದ್ದು ಅವರೇ! ಉಪ್ಪಳ ಹೊಳೆ, ಶಿರಿಯ ಹೊಳೆ, ಮೊಗ್ರಾಲು ಹೊಳೆ ಎಂದು ಒಂದೊಂದು ಸೇತುವೆ ಬಂದಾಗಲೂ ಮಕ್ಕಳಿಗೆ ಹೆಸರು ಹೇಳುತ್ತಾ ಹೋದರು. ಕಾಸರಗೋಡು ದಾಟಿದ ಮೇಲೆ ಚಂದ್ರಗಿರಿ ಹೊಳೆಯ ದೊಡ್ಡ ಸೇತುವೆ, ಆಮೇಲೆ ಕಳನಾಡಿನ ಸುರಂಗ. ಗಾಡಿ ಸುರಂಗಕ್ಕೆ ನುಗ್ಗಿದಾಗ ಬೋಗಿಯ ಮಕ್ಕಳೆಲ್ಲಾ ಒಟ್ಟಿಗೆ ಕೂಗಿದರು. ನಮ್ಮ ಮಗ ವಾರವಿಡೀ ಅದನ್ನೇ ಹೇಳುತ್ತಿದ್ದ.

ಕೆಳದಿಯ ಅರಸರ ಕೋಟೆ

ಬೇಕಲ ಕೋಟೆಯೊಳಗೆ ಹೋಗಲು ದೊಡ್ಡವರಿಗೆ ಇಪ್ಪತ್ತೈದು ರೂಪಾಯಿ ಟಿಕೆಟ್. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ. ಸುಮಾರು ನಲವತ್ತು ಎಕರೆಯಷ್ಟು ವಿಸ್ತಾರವಾದ ಈ ಕೋಟೆ ಕೇರಳದಲ್ಲೇ ದೊಡ್ಡದು. ಮೂರು ಕಡೆಯಿಂದ ಸಮುದ್ರ ಇದನ್ನು ಸುತ್ತುವರಿದಂತೆ ಕಾಣುತ್ತದೆ.

"ಇದನ್ನು ಕಟ್ಟಿಸಿದ್ದು ಯಾರು ಗೊತ್ತುಂಟಾ?" ಎಂದು ಇವರು ಮಕ್ಕಳನ್ನು ಕೇಳಿದರು. ಟಿಪ್ಪು ಎಂದಳು ಮಗಳು. ಅಲ್ಲ. ಈಗಿನ ಶಿವಮೊಗ್ಗ ಜಿಲ್ಲೆಯ ಕೆಳದಿಯ ಅರಸರ ವಂಶದ ಶಿವಪ್ಪ ನಾಯಕ 1650ರ ಸುಮಾರಿಗೆ ಇದನ್ನು ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. 1763ರಲ್ಲಿ ಹೈದರಾಲಿಯ ವಶವಾಯಿತು, ಆಮೇಲೆ ಟಿಪ್ಪುವಿನದಾಯಿತು, 1799ರಲ್ಲಿ ಟಿಪ್ಪು ಮಡಿದ ಬಳಿಕ ಬ್ರಿಟಿಷರ ಆಡಳಿತಕ್ಕೆ ಸೇರಿತು. ನಮ್ಮ ಈ ಸೀಮೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ನಮ್ಮ ಮಕ್ಕಳು ಈಗ ಮಲಯಾಳ, ಇಂಗ್ಲಿಷ್, ಕನ್ನಡ ಮೂರರ ನಡುವೆ ಬೆಳೆಯುತ್ತಿದ್ದಾರೆ. ಕನ್ನಡದ ಅರಸ ಕಟ್ಟಿಸಿದ ಕೋಟೆ ಮನೆಯಿಂದ ಒಂದು ರೈಲು ಪ್ರಯಾಣದಷ್ಟು ದೂರದಲ್ಲಿದೆ ಎಂಬುದನ್ನು ನಾವು ಹೇಳದಿದ್ದರೆ ಅವರಿಗೆ ಯಾರು ಹೇಳಬೇಕು?

ಒಳಗೆ ಅರಮನೆ ಇದೆಯೆಂದು ಮಗ ಕಾದಿದ್ದ. ಅರಮನೆ ಇಲ್ಲ. ಇದು ರಕ್ಷಣೆಗೆಂದೇ ಕಟ್ಟಿದ ಕೋಟೆ. ಮೆಟ್ಟಿಲುಗಳಿರುವ ನೀರಿನ ಕೊಳ, ಮದ್ದಿನ ಮನೆ, ನಡುವೆ ಎತ್ತರದ ಕಾವಲು ಬುರುಜು ಇವೆ. ಆ ಬುರುಜಿಗೆ ಮೆಟ್ಟಿಲಿನ ಬದಲು ಅಗಲವಾದ ಇಳಿಜಾರು ದಾರಿ ಇರುವುದರಿಂದ ಅತ್ತೆಯೂ ಮೊಮ್ಮಗನ ಹೆಗಲು ಹಿಡಿದು ನಿಧಾನವಾಗಿ ಹತ್ತಿದರು. ಮಕ್ಕಳಿಗೆ ಹೆಚ್ಚು ಇಷ್ಟವಾದದ್ದು ಮುರಕಲ್ಲಿನ ಗೋಡೆಯ ತೂತುಗಳು. ಮೇಲಿನದು ದೂರದ ಶತ್ರುವಿಗೆ ಗುರಿ ಇಡಲು, ಕೆಳಗಿನವು ಹತ್ತಿರ ಬಂದವರಿಗೆ. ಒಂದೊಂದು ತೂತಿಗೂ ಕಣ್ಣಿಟ್ಟು ಇಬ್ಬರೂ ಒಂದು ಗಂಟೆ ಯುದ್ಧ ಮಾಡಿದರು. 1995ರ 'ಬಾಂಬೆ' ಸಿನೆಮಾದ ಹಾಡಿನಲ್ಲಿ ಕಂಡ ಕೋಟೆ ಇದೇ ಎಂದು ನಾನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬುತ್ತಿಯನ್ನು ಹೊರಗೆ ಬಂದು ಮರದ ನೆರಳಲ್ಲಿ ಬಿಚ್ಚಿದೆವು. ಚಿತ್ರಾನ್ನ, ಬೇಯಿಸಿದ ಮೊಟ್ಟೆ, ನೇಂದ್ರ ಬಾಳೆಹಣ್ಣು, ಹಬ್ಬದ ಕುಸ್ವಾರಿನ ಡಬ್ಬ. ಹೋಟೆಲಿನ ಬಿಲ್ಲು ಉಳಿಯಿತು, ಹೊಟ್ಟೆಯೂ ಸರಿಯಾಗಿಯೇ ಇತ್ತು.

ಅತ್ತೆಯ ಹೊಳೆ

ಮಧ್ಯಾಹ್ನದ ಬಿಸಿಲು ಸ್ವಲ್ಪ ಇಳಿದ ಮೇಲೆ ಕಾಸರಗೋಡಿನ ಬಸ್ಸು ಹಿಡಿದು ಮೇಲ್ಪರಂಬದಲ್ಲಿ ಇಳಿದೆವು. ಅಲ್ಲಿ ಹೊಳೆಯ ದಡದ ಎತ್ತರದಲ್ಲಿ ಚಂದ್ರಗಿರಿ ಕೋಟೆ ಇದೆ. ಇದೂ ಹದಿನೇಳನೇ ಶತಮಾನದ್ದು. ಬೇಕಲಕ್ಕಿಂತ ಬಹಳ ಚಿಕ್ಕದು, ಬರುವವರೂ ಕಡಿಮೆ. ಹಿಂದಿನ ಕಾಲದಲ್ಲಿ ತುಳುನಾಡಿಗೂ ಮಲಯಾಳ ನಾಡಿಗೂ ಈ ಹೊಳೆಯೇ ಗಡಿ ಎಂದು ಹೇಳುತ್ತಿದ್ದರು.

ಕೋಟೆಯ ಗೋಡೆಯ ಮೇಲಿಂದ ನೋಡಿದರೆ ಕೆಳಗೆ ತೆಂಗಿನ ತೋಟಗಳ ನಡುವೆ ಅಗಲವಾದ ಹೊಳೆ, ಆಚೆ ಸಮುದ್ರ. ಮಗಳು ಹೊಳೆಯ ಹೆಸರು ಕೇಳಿದಳು. "ಚಂದ್ರಗಿರಿ. ಮೇಲಿನ ಕಡೆ ಇದನ್ನೇ ಪಯಸ್ವಿನಿ ಅಂತಾರೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯದ ಮೂಲಕ ಬರ್ತದೆ" ಎಂದರು ಇವರು.

ಕಲ್ಲಿನ ಮೇಲೆ ಕಾಲು ನೀವಿಕೊಳ್ಳುತ್ತಾ ಕುಳಿತಿದ್ದ ಅತ್ತೆ ತಲೆಯೆತ್ತಿದರು. "ಯಾವ ಪಯಸ್ವಿನಿ? ನಮ್ಮ ಪಯಸ್ವಿನಿಯಾ?"

ಅತ್ತೆಯ ತವರು ಸುಳ್ಯದ ಕಡೆ. ಬಟ್ಟೆ ಒಗೆದದ್ದು, ಈಜು ಕಲಿತದ್ದು, ಮಳೆಗಾಲದಲ್ಲಿ ತೇಲಿ ಬಂದ ಸೌದೆ ಹಿಡಿದದ್ದು ಎಲ್ಲ ಆ ಹೊಳೆಯಲ್ಲಿ. ಹತ್ತೊಂಬತ್ತರ ಪ್ರಾಯದಲ್ಲಿ ಮದುವೆಯಾಗಿ ಮಂಜೇಶ್ವರಕ್ಕೆ ಬಂದರು. ಕಾಸರಗೋಡಿಗೆ ಎಷ್ಟೋ ಸಲ ಬಂದಿದ್ದರೂ ಊರಾಚೆಯ ಚಂದ್ರಗಿರಿಯೇ ತನ್ನ ಪಯಸ್ವಿನಿ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಎದ್ದು ಬಂದು ಗೋಡೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು. "ಇಷ್ಟು ಅಗಲ ಆಗ್ತದಾ ಇದು!" ಎಂದು ಒಂದೇ ಮಾತು ಹೇಳಿದರು. ಆಮೇಲೆ ಮಕ್ಕಳನ್ನು ಎರಡೂ ಬದಿಗೆ ಕೂರಿಸಿಕೊಂಡು, ನಾನು ಮದುವೆಯಾಗಿ ಇಷ್ಟು ವರ್ಷದಲ್ಲಿ ಕೇಳದ ಕತೆಗಳನ್ನು ಹೇಳತೊಡಗಿದರು. ಈ ಅತ್ತೆಯನ್ನು ಒಂದು ಟಿಕೆಟ್ಟಿನ ಆಸೆಗೆ ಮನೆಯಲ್ಲಿ ಬಿಟ್ಟು ಬರಲು ಒಪ್ಪಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಸೂರ್ಯ ಮುಳುಗುವಾಗ ಕಾಸರಗೋಡಿಗೆ ಬಂದು ಗಾಡಿ ಹಿಡಿದೆವು. ಐವರ ಲೆಕ್ಕ ಹೀಗಿತ್ತು: ರೈಲಿಗೆ ನೂರೈವತ್ತರೊಳಗೆ, ಕೋಟೆಗೆ ಎಪ್ಪತ್ತೈದು, ಬಸ್ಸಿಗೆ ನೂರರ ಮೇಲೆ ಸ್ವಲ್ಪ, ಉಳಿದದ್ದು ಚಹಾ ಮತ್ತು ಐಸ್‌ಕ್ಯಾಂಡಿ. ಐನೂರರ ನೋಟಿನಲ್ಲಿ ಚಿಲ್ಲರೆ ಉಳಿಯಿತು.

ಇನ್ನೂ ಕೆಲವು ಜಾಗಗಳು

ನಮ್ಮ ಜಿಲ್ಲೆಯಲ್ಲಿ ಕಡಿಮೆ ಖರ್ಚಿನಲ್ಲಿ ನೋಡಬಹುದಾದ ಜಾಗಗಳು ಇನ್ನೂ ಇವೆ. ಮಂಜೇಶ್ವರದಲ್ಲೇ ರಾಷ್ಟ್ರಕವಿ ಗೋವಿಂದ ಪೈಯವರ ಮನೆ ಇದೆ, ಅದರ ಸ್ಮಾರಕಕ್ಕೆ ಅವರ ಕವನ ಸಂಕಲನದ ಹೆಸರಾದ 'ಗಿಳಿವಿಂಡು' ಎಂಬ ಹೆಸರನ್ನೇ ಇಟ್ಟಿದ್ದಾರೆ. ಯೇಸುವಿನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನು ಬರೆದ ಕವಿ ಇದೇ ಊರಿನವರೆಂದು ನಮ್ಮ ಮಕ್ಕಳಿಗೆ ತಿಳಿದಿರಲಿ. ತೆರೆದಿರುವ ಸಮಯ ಕೇಳಿಕೊಂಡು ಹೋಗಿ.

ಬಾಯಾರಿನ ಬಳಿಯ ಪೊಸಡಿ ಗುಂಪೆ ಸಾವಿರ ಅಡಿಗಿಂತ ಸ್ವಲ್ಪ ಹೆಚ್ಚು ಎತ್ತರದ ಗುಡ್ಡೆ. ಮೇಲಿಂದ ಸಮುದ್ರದವರೆಗೆ ಕಾಣುತ್ತದೆ. ನೆರಳಿಲ್ಲದ ಕಾರಣ ಬೆಳಗ್ಗೆ ಬೇಗ ಹತ್ತಬೇಕು. ಕುಂಬಳೆಯಿಂದ ಹೊರಟರೆ ಅನಂತಪುರದ ಸರೋವರ ದೇವಸ್ಥಾನವನ್ನೂ ಬೇಳದ ಹಳೆಯ ಶೋಕಮಾತಾ ಇಗರ್ಜಿಯನ್ನೂ ಒಂದೇ ದಿನದಲ್ಲಿ ನೋಡಬಹುದು. ಅನಂತಪುರದ ಕೊಳದಲ್ಲಿದ್ದ ಮೊಸಳೆ 'ಬಬಿಯಾ' 2022ರ ಅಕ್ಟೋಬರದಲ್ಲಿ ಸತ್ತಾಗ ಎಲ್ಲ ಧರ್ಮದವರೂ ನೋಡಲು ಹೋಗಿದ್ದರು.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಕಾಞಂಗಾಡಿನಿಂದ ಪಾಣತ್ತೂರು ದಾರಿಯಾಗಿ ರಾಣಿಪುರಂಗೆ ಹೋಗಬಹುದು. ಮೊದಲು ಮಾಡತ್ತುಮಲ ಎಂದಿದ್ದ ಈ ಬೆಟ್ಟಕ್ಕೆ, ಕೋಟ್ಟಯಂ ಧರ್ಮಪ್ರಾಂತ್ಯ 1970ರಲ್ಲಿ ಜಾಗ ಕೊಂಡ ಮೇಲೆ ಮರಿಯಮ್ಮ ರಾಣಿಯ ನೆನಪಿನಲ್ಲಿ ಈ ಹೆಸರು ಬಂತು. ಅರಣ್ಯ ಇಲಾಖೆಯ ಟಿಕೆಟ್ ಪಡೆದೇ ಬೆಟ್ಟ ಹತ್ತಬೇಕು. ಮಳೆಗಾಲದಲ್ಲಿ ಜಿಗಣೆಗಳ ಕಾಟವಿದೆ.

ಹೊರಡುವವರಿಗೆ ಒಂದೆರಡು ಕಿವಿಮಾತು. ನೀರು, ಟೋಪಿ, ಮಕ್ಕಳಿಗೆ ಇನ್ನೊಂದು ಜೊತೆ ಬಟ್ಟೆ ಇರಲಿ. ಒಂದು ದಿನಕ್ಕೆ ಎರಡು ಜಾಗ ಸಾಕು. ಬುತ್ತಿಯ ಪ್ಲಾಸ್ಟಿಕ್ಕನ್ನು ಮನೆಗೆ ಹಿಂದೆ ತನ್ನಿ. ಸಮುದ್ರದಲ್ಲಿ ಮಕ್ಕಳನ್ನು ಪಾದ ಒದ್ದೆಯಾಗುವುದಕ್ಕಿಂತ ಮುಂದೆ ಬಿಡಬೇಡಿ, ಮಳೆಗಾಲದಲ್ಲಿ ಅಷ್ಟೂ ಬೇಡ.

ರಜೆ ಮುಗಿದು ಶಾಲೆ ತೆರೆದ ದಿನ ಮಗಳು ಬಂದ ಕೂಡಲೇ ಕೇಳಿದೆ, "ಟೀಚರ್ ಕೇಳಿದರಾ?"

"ಕೇಳಿದ್ರು. ಅಜ್ಜಿಯ ಹೊಳೆ ಸಮುದ್ರಕ್ಕೆ ಸೇರುವ ಜಾಗ ನೋಡಲು ಹೋಗಿದ್ದೆವು ಅಂದೆ."

ಮಗನಿಗೆ ವಾಟರ್ ಪಾರ್ಕಿನ ಆಸೆ ಇನ್ನೂ ಹೋಗಿಲ್ಲ, ಇರಲಿ. ಇವರು ಆ ದಿನದ ಬಾಡಿಗೆಯ ಮಾತನ್ನು ಮತ್ತೆ ಎತ್ತಲಿಲ್ಲ. ಬದಲಿಗೆ ಮೊನ್ನೆ ತಾವಾಗಿಯೇ, "ಬರುವ ರಜೆಗೆ ಅಮ್ಮನನ್ನು ಸುಳ್ಯಕ್ಕೆ ಕರೆದುಕೊಂಡು ಹೋಗುವ, ಹೊಳೆಯನ್ನು ಆ ಕಡೆಯಿಂದಲೂ ಮಕ್ಕಳು ನೋಡಲಿ" ಎಂದರು. ಅತ್ತೆ ಈಗಲೇ ಮೊಣಕಾಲಿಗೆ ಎಣ್ಣೆ ಹಚ್ಚತೊಡಗಿದ್ದಾರೆ.