ಅಪ್ಪನ ಸೈಕಲ್ಲಿನ ಟಕ್ ಟಕ್

ಹೊಳೆನರಸೀಪುರದಿಂದ ಅರಕಲಗೂಡು ಕಡೆ ಹೋಗುವ ರೋಡಿನಲ್ಲಿ ಎಡಕ್ಕೆ ತಿರುಗಿದರೆ ನಮ್ಮೂರು. ಬೆಳಿಗ್ಗೆ ಆರಕ್ಕೆ ಹಾಲಿನ ಕ್ಯಾನು ನೇತು ಹಾಕಿಕೊಂಡು ಡೈರಿಗೆ ಹೋಗುವ ಸೈಕಲ್ಲು ಅಲ್ಲಿ ಈಗ ಎರಡೋ ಮೂರೋ ಉಳಿದಿವೆ. ಮಿಕ್ಕವರೆಲ್ಲ ಎಕ್ಸೆಲ್ ಗಾಡಿಗೆ ಬಡ್ತಿ ಪಡೆದಾಯ್ತು. ಉಳಿದದ್ದರಲ್ಲಿ ನಮ್ಮಪ್ಪನದೂ ಒಂದು. ನಾನು ಹಾಸನದಲ್ಲಿ ಬಿಇ ಸೇರಿದ ವರ್ಷ ತಗೊಂಡ ಕರಿ ಸೈಕಲ್ಲು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅದು ಟಕ್ ಟಕ್ ಅಂತಿತ್ತು. ಅಪ್ಪ ಬೀದಿ ತಿರುವಿನಲ್ಲಿರುವಾಗಲೇ ಮನೆಯೊಳಗೆ ಕೇಳ್ತಿತ್ತು. "ಇರ್ಲಿ ಬಿಡ್ಲಾ, ಬೆಲ್ ಹೊಡಿಯೋದು ತಪ್ತು" ಅಂದ ಅಪ್ಪ. ನನಗೆ ಮಾತ್ರ ತಡೆಯಲಿಲ್ಲ. ಕಂಡೋರು ಬರೆದ ಕೋಡಿನಲ್ಲಿ ತಪ್ಪು ಹುಡುಕೋದಕ್ಕೇ ಸಂಬಳ ತಗೊಳ್ಳೋನು ನಾನು, ಅಪ್ಪನ ಸೈಕಲ್ಲಿನ ಸದ್ದು ಹುಡುಕಬಾರದಾ?

ಸೈಕಲ್ಲಿನ ಸದ್ದು ಹುಡುಕುವಾಗ ಕಿವಿಯನ್ನು ಪೂರ್ತಿ ನಂಬಬಾರದು. ಫ್ರೇಮು ಅನ್ನೋದು ಟೊಳ್ಳು ಪೈಪು. ಸೀಟಿನ ಸ್ಪ್ರಿಂಗು ಕಿರುಗುಟ್ಟಿದರೂ ಪೆಡ್ಲಿನ ಹತ್ತಿರ ಕೇಳಿದ ಹಾಗಿರುತ್ತೆ. ಕಿವಿಗಿಂತ ಲೆಕ್ಕ ವಾಸಿ. ತುಳಿಯೋದು ನಿಲ್ಲಿಸಿದ ಮೇಲೂ ಸದ್ದು ಬರ್ತಿದ್ದರೆ ಅದು ಚಕ್ರದ್ದು. ಪೆಡ್ಲು ಮೇಲೆ ಎದ್ದು ನಿಂತಾಗ ನಿಂತುಹೋದರೆ ಸೀಟಿನದು. ನಮ್ಮ ಸೈಕಲ್ಲಿಗೆ ಮುಂದೆ 44 ಹಲ್ಲು, ಚೈನಿಗೆ 112 ಕೊಂಡಿ. ಹಾಗಾಗಿ ಚೈನಿನ ಒಂದು ಕೊಂಡಿ ಬಿಗಿಯಾಗಿದ್ದರೆ ಎರಡೂವರೆ ಸುತ್ತು ತುಳಿದಾಗ ಒಂದು ಸಲ ಸದ್ದು ಬರಬೇಕು. ಇಲ್ಲಿ ಸುತ್ತಿಗೊಂದು ಟಕ್. ಅಲ್ಲಿಗೆ ಪೆಡ್ಲು, ಕ್ರ್ಯಾಂಕು ಇಲ್ಲವೇ ನಡುವಿನ ಅಚ್ಚು.

ಎಡಗಡೆ ಕ್ರ್ಯಾಂಕು ಹಿಡಿದು ಅಲ್ಲಾಡಿಸಿದೆ, ಸಿಕ್ಕಿಬಿತ್ತು. ಕಾಟರ್ ಪಿನ್ನು ಸವೆದಿತ್ತು. ಕ್ರ್ಯಾಂಕನ್ನ ಅಚ್ಚಿಗೆ ಹಿಡಿದಿಡೋ ಬೆಣೆ ಅದು, "ಗಾಡಿಗೆ ಕಡಾಣಿ ಇದ್ದಂಗೆ" ಅಂದ ಅಪ್ಪ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸುವ ಜಾಗದ ಹತ್ತಿರ ಒಂದು ಹಳೇ ಸೈಕಲ್ ಶಾಪಿದೆ. ಹೊಸ ಪಿನ್ನು ತರೋಕೆ ಅಲ್ಲಿಗೇ ಹೋದೆ. ಶಾಪಿನವರು ಒಂದು ಜೊತೆ ಕೊಟ್ಟು, "ನಟ್ಟಿನಿಂದ ಎಳೆದು ಕೂರಿಸ್ಬೇಡಿ, ಬಡಿದು ಕೂರಿಸಿ, ಆಮೇಲೆ ನಟ್ಟು" ಅಂದ್ರು. ಈ ಮಾತು ಚಿನ್ನ. ಬೆಣೆ ಕೂರೋದು ಬಡಿತಕ್ಕೆ. ನಟ್ಟಿಗೆ ಅಷ್ಟು ಶಕ್ತಿಯಿಲ್ಲ, ಮರೆ ಹರಿದುಹೋಗುತ್ತೆ. ಬಡಿಯುವಾಗ ಕ್ರ್ಯಾಂಕಿನ ಕೆಳಗೆ ಗಟ್ಟಿಯಾದ ಪೈಪಿನ ತುಂಡೊಂದು ಆನಿಸಬೇಕು, ಇಲ್ಲದಿದ್ದರೆ ಏಟೆಲ್ಲ ಒಳಗಿನ ಬಾಲ್ಸಿಗೆ ಬೀಳುತ್ತೆ. ಎರಡು ಪಿನ್ನೂ ಎದುರುಬದುರು ದಿಕ್ಕಿಗಿರಬೇಕು. ತಪ್ಪಿದರೆ ಪೆಡ್ಲು ಎರಡೂ ಒಂದೇ ಗೆರೆಯಲ್ಲಿ ನಿಲ್ಲಲ್ಲ. ನಾನು ಮೊದಲ ಸಲ ತಪ್ಪಿದೆ. ಅಮ್ಮ ನಕ್ಕಳು.

ಕೆಲಸ ಮಾಡುವಾಗ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಎಡಗಡೆ ಪೆಡ್ಲಿನ ರಬ್ಬರು ಸವೆದು ನುಣ್ಣಗಾಗಿತ್ತು. ಬಲಗಡೇದರಲ್ಲಿ ಗೀರುಗಳು ಹಾಗೇ ಇದ್ದವು. ಬಲಗಡೇದು ಹೊಸದಾಗಿ ಹಾಕಿಸಿರಬೇಕು ಅಂದ್ಕೊಂಡು ಸುಮ್ಮನಾದೆ.

ಡೈರಿವರೆಗೂ ತುಳಿದು ಬಂದೆ, ಸದ್ದಿಲ್ಲ. ಅಪ್ಪನ ಕೈಗೆ ಕೊಟ್ಟೆ. ಅಪ್ಪ ಹತ್ತಿ ನಿಧಾನಕ್ಕೆ ಅಂಗಳ ಸುತ್ತಿದಾಗ ಮತ್ತೆ ಟಕ್. ಮೊದಲಿನಷ್ಟು ಜೋರಿಲ್ಲ, ಆದರೆ ಸುತ್ತಿಗೊಂದು. ನಾನು ಹತ್ತಿದೆ, ಇಲ್ಲ. ಅಪ್ಪ ಹತ್ತಿದ, ಇದೆ. ಆಫೀಸಿನಲ್ಲಿ "ನನ್ನ ಕಂಪ್ಯೂಟರಲ್ಲಿ ಸರಿಯಾಗೇ ಓಡ್ತಿದೆಯಲ್ಲ" ಅನ್ನೋರನ್ನ ಕಂಡರೆ ನನಗೆ ಮೈ ಉರಿಯುತ್ತೆ. ಆವತ್ತು ಅದೇ ಮಾತು ನನ್ನ ಬಾಯಲ್ಲೂ ಬಂತು. ಅಪ್ಪನಿಗಿಂತ ಹದಿನೈದು ಕೆಜಿ ಜಾಸ್ತಿ ಇರೋ ನಾನು ತುಳಿದರೆ ಸುಮ್ಮನಿರೋ ಸೈಕಲ್ಲು ಅಪ್ಪ ತುಳಿದರೆ ಯಾಕೆ ಕೂಗಬೇಕು?

ಸ್ಟ್ಯಾಂಡು ಹಾಕಿ, ಅಪ್ಪನನ್ನ ಕೂರಿಸಿ, ಹಿಂದಿನ ಬ್ರೇಕು ಸ್ವಲ್ಪ ಹಿಡಿದುಕೊಂಡು ತುಳಿ ಅಂದೆ. ನೆಲದ ಮೇಲೆ ಕೂತು ಕ್ರ್ಯಾಂಕಿನ ಹತ್ತಿರ ಕಿವಿ ಇಟ್ಟೆ. ಸದ್ದು ಅಲ್ಲಿಂದ ಬರ್ತಿರಲಿಲ್ಲ. ಮೇಲಿನಿಂದ. ಸೀಟು ಮುಟ್ಟಿ ನೋಡಿದೆ, ಅಲ್ಲೂ ಅಲ್ಲ. ಏನೋ ಅನಿಸಿ ಅಪ್ಪನ ಬಲಮೊಣಕಾಲಿನ ಮೇಲೆ ಕೈ ಇಟ್ಟೆ. ಟಕ್ ಅಂದಿದ್ದು ಅಂಗೈಗೆ ಗೊತ್ತಾಯ್ತು.

"ಅದು ಸೈಕಲ್ದಲ್ಲ ಕಣ್ಲಾ. ಎರಡು ವರ್ಸದಿಂದ ಹಂಗೇ ಅಂತದೆ" ಅಂದ ಅಪ್ಪ, ತುಳಿಯೋದು ನಿಲ್ಲಿಸದೆ.

ನಾನು ಸವೆದ ಎಡಗಡೆ ಪೆಡ್ಲು ನೋಡ್ತಾ ಕೂತೆ. ಯಾರೂ ಏನೂ ಹೊಸದಾಗಿ ಹಾಕಿಸಿರಲಿಲ್ಲ. ಎರಡು ವರ್ಷದಿಂದ ಅಪ್ಪ ಒಂದೇ ಕಾಲಲ್ಲಿ ಹಾಲು ಸಾಗಿಸ್ತಿದ್ದ. ಪ್ರತಿ ಭಾನುವಾರ ಫೋನಿನಲ್ಲಿ "ಹೆಂಗಿದೀಯಪ್ಪಾ" ಅಂತ ಕೇಳಿದರೆ "ಚೆನ್ನಾಗಿವ್ನಿ" ಅನ್ನೋನು. ನಾನು ಮುಂದಿನ ಮಾತಿಗೆ ಹೋಗ್ತಿದ್ದೆ.

ಮಾರನೇ ದಿನ ಹಾಸನಕ್ಕೆ ಕರ್ಕೊಂಡು ಹೋದೆ. ದಾರಿ ಪೂರ್ತಿ "ಹರಳೆಣ್ಣೆ ಹಚ್ಚಿದ್ರೆ ಹೋಗ್ತದೆ, ಗಾಡಿ ಅಚ್ಚಿಗೂ ಅದನ್ನೇ ತಾನೆ ಹಾಕ್ತಿದ್ದಿದ್ದು" ಅಂತಲೇ ಇದ್ದ. ಎಕ್ಸ್‌ರೇ ಆಯ್ತು. ಮೂಳೆಗಳ ನಡುವಿನ ಮೃದ್ವಸ್ಥಿ ಸವೆದಿದೆ ಅಂದ್ರು ಡಾಕ್ಟ್ರು. ನಾನು ಸೈಕಲ್ಲು ಬಿಡಿಸೋದಾ ಅಂತ ಕೇಳಿದ್ದಕ್ಕೆ, "ಬೇಡ, ಕುಕ್ಕರಗಾಲಲ್ಲಿ ಕೂರೋದು ಬಿಡಿಸಿ, ಸೈಕಲ್ಲು ಒಳ್ಳೇದೇ. ಆದ್ರೆ ಸೀಟು ಮೇಲಕ್ಕೆ ಏರಿಸಿ" ಅಂದ್ರು. ಸೀಟು ತಗ್ಗಿದ್ದಷ್ಟೂ ಮೊಣಕಾಲು ಜಾಸ್ತಿ ಮಡಿಸಿ ತುಳಿಯಬೇಕಾಗುತ್ತೆ, ಭಾರ ಪೂರ್ತಿ ಚಿಪ್ಪಿನ ಹಿಂದೆ ಬೀಳುತ್ತೆ. ಪೆಡ್ಲು ತೀರಾ ಕೆಳಗಿದ್ದಾಗ ಕಾಲು ಹೆಚ್ಚೂಕಮ್ಮಿ ನೇರವಾಗಬೇಕಂತೆ.

ಒಂದೂವರೆ ಇಂಚು ಏರಿಸಿ ಬೆಂಗಳೂರಿನ ಬಸ್ಸು ಹತ್ತಿದೆ. ಭಾನುವಾರ ಫೋನ್ ಮಾಡಿ ಕೇಳಿದೆ, "ಸೀಟು ಹಂಗೇ ಐತಾ?"

"ಐತೆ."

ಅಮ್ಮ ಫೋನು ಕಿತ್ಕೊಂಡಳು. "ಸುಳ್ಳು. ನೀನು ಹೋದ ಸಂಜೇನೇ ಇಳಿಸಿದ್ರು. ಕ್ಯಾನು ಕಟ್ಕಂಡಾಗ ಕಾಲು ನೆಲಕ್ಕೆ ಸಿಗಕಿಲ್ವಂತೆ."

ಅಪ್ಪ ಹೇಳೋದರಲ್ಲೂ ನ್ಯಾಯ ಇದೆ. ಹತ್ತು ಲೀಟರ್ ಹಾಲು ಒಂದು ಪಕ್ಕಕ್ಕೆ ವಾಲಿದರೆ ಸೀಟಿನ ಲೆಕ್ಕ ಕೆಲಸಕ್ಕೆ ಬರಲ್ಲ. ಅದಕ್ಕೇ ಮುಂದಿನ ಸಲ ಹೋದಾಗ ಸೀಟಿನ ಕಂಬಿಗೆ ಅರದಿಂದ ಸಣ್ಣ ಗೀರು ಹಾಕಿ ಬಂದೆ. ಸಲಕ್ಕೆ ಕಾಲಿಂಚಿನಂತೆ ಏರಿಸ್ತಿದ್ದೀನಿ. ಇಲ್ಲೀವರೆಗೆ ಮುಕ್ಕಾಲು ಇಂಚಾಗಿದೆ, ಅಪ್ಪ ಇನ್ನೂ ಏನೂ ಅಂದಿಲ್ಲ.