ಕಿಟಕಿಗಳನ್ನು ಹಂಚುವ ಬಗೆ

ನಾವು ಸಾಮಾನ್ಯವಾಗಿ ಬಳಸುವ ಗಣಕಯಂತ್ರಗಳಲ್ಲಿ ಕಿಟಕಿಗಳು ಮೇಜಿನ ಮೇಲೆ ಹರಡಿದ ಉತ್ತರಪತ್ರಿಕೆಗಳಂತೆ ಒಂದರ ಮೇಲೊಂದು ಬಿದ್ದಿರುತ್ತವೆ. ಬೇಕಾದುದನ್ನು ಮೇಲೆ ತರಲು ಮೌಸ್ ಹಿಡಿದು ಎಳೆದಾಡಬೇಕು. ಇದಕ್ಕೆ ಬದಲಾಗಿ, ನೆಲಕ್ಕೆ ಕಲ್ಲು ಹಾಸಿದಂತೆ ಕಿಟಕಿಗಳನ್ನು ಅಕ್ಕಪಕ್ಕದಲ್ಲಿ ತಾವೇ ಜೋಡಿಸುವ ತಂತ್ರಾಂಶಗಳಿವೆ. ಅವುಗಳಿಗೆ ‘ಟೈಲಿಂಗ್ ವಿಂಡೋ ಮ್ಯಾನೇಜರ್’ ಎಂದು ಹೆಸರು. ನಮ್ಮ ‘ಹಂಚು’ ಎಂಬ ಒಂದೇ ಪದದಲ್ಲಿ ಮಾಡಿನ ಹಂಚೂ ಉಂಟು, ಪಾಲು ಮಾಡುವ ಕ್ರಿಯೆಯೂ ಉಂಟು. ಕನ್ನಡ ಮೇಷ್ಟರಿಗೆ ಒಲವು ಹುಟ್ಟಲು ಇಷ್ಟು ಸಾಲದೇ?

ಈ ಕ್ರಮ ಹೊಸದೇನಲ್ಲ. 1985ರ ಮೊದಲ ವಿಂಡೋಸ್‌ನಲ್ಲಿಯೂ ಕಿಟಕಿಗಳು ಅಕ್ಕಪಕ್ಕದಲ್ಲಿಯೇ ಇದ್ದವು. ಒಂದರ ಮೇಲೊಂದು ಏರತೊಡಗಿದ್ದು 1987ರ ಎರಡನೆಯ ಆವೃತ್ತಿಯಲ್ಲಿ.

ನನಗೆ ಇದರ ಅಗತ್ಯ ಬಿದ್ದುದು ತೀರ್ಥರೂಪರ ದಿನಚರಿಗಳಿಂದಾಗಿ. ಏಳು ಪುಸ್ತಕಗಳು, ವರ್ಷದಿಂದ ವರ್ಷಕ್ಕೆ ಶಾಯಿ ಮಾಸುತ್ತಿದೆ. ಎಡಗಡೆ ಪುಟದ ಚಿತ್ರ, ಬಲಗಡೆ ನಾನು ಟೈಪಿಸುವ ಹಾಳೆ, ಎರಡೂ ಸದಾ ಕಣ್ಣೆದುರಿಗೆ ಇರಬೇಕು. ಅದರ ಮೇಲೆ ಬಲಗೈ ಮಣಿಕಟ್ಟಿನ ನೋವು. ಮೌಸ್ ಕಡಿಮೆ ಮಾಡಿರೆಂದು ವೈದ್ಯರ ಅಪ್ಪಣೆ.

ಲಿನಕ್ಸ್‌ನಲ್ಲಿ ಆಯ್ಕೆಗಳು ಹಲವು. 2006ರಲ್ಲಿ ಬಂದ ಡಿಡಬ್ಲ್ಯುಎಂ ಎರಡು ಸಾವಿರ ಸಾಲುಗಳನ್ನು ಮೀರಬಾರದೆಂಬ ವ್ರತ ಹಿಡಿದದ್ದು. ಆದರೆ ಚಿಕ್ಕ ಬದಲಾವಣೆಗೂ ಮೂಲಸಂಕೇತವನ್ನೇ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಎಕ್ಸ್‌ಮೊನಾಡ್‌ಗೆ ಹ್ಯಾಸ್ಕೆಲ್ ಭಾಷೆ ತಿಳಿದಿರಬೇಕು. 2009ರಲ್ಲಿ ಆರಂಭವಾದ ಐ3ಗೆ ಸಾಕಾಗುವುದು ಒಂದು ಸರಳ ಪಠ್ಯಕಡತ. ಕೈಪಿಡಿಯೂ ಒಳ್ಳೆಯ ಪಠ್ಯಪುಸ್ತಕದಂತೆ ಕ್ರಮವಾಗಿದೆ. ಅದನ್ನೇ ಆರಿಸಿದೆ.

ವಿಂಡೋಸ್ ಕೀಲಿಯೊಡನೆ ಎಂಟರ್ ಒತ್ತಿದರೆ ಟರ್ಮಿನಲ್. ಅಂಕಿ ಒತ್ತಿದರೆ ಬೇರೊಂದು ಕಾರ್ಯಾಂಗಣ. ಒಂದರಲ್ಲಿ ದಿನಚರಿ, ಎರಡರಲ್ಲಿ ನಿಘಂಟು, ಮೂರರಲ್ಲಿ ಅಂಚೆ. ಕನ್ನಡ ಬೆರಳಚ್ಚಿನ ಐಬಸ್ ಮಾತ್ರ ತಾನಾಗಿ ಏಳಲಿಲ್ಲ. ಅದನ್ನು ಎಬ್ಬಿಸುವ ಒಂದು ಸಾಲನ್ನು ಕಡತದಲ್ಲಿ ಸೇರಿಸಬೇಕಾಯಿತು. ಮುಂದೆ ವೇಲ್ಯಾಂಡ್‌ಗೆ ಹೋಗಬೇಕಾದರೂ ಕಲಿತದ್ದು ವ್ಯರ್ಥವಾಗದು. 2019ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಸ್ವೇ, ಬಹುಮಟ್ಟಿಗೆ ಇದೇ ಕಡತವನ್ನು ಓದಬಲ್ಲದು.

ಎಲ್ಲರಿಗೂ ಇದು ಒಗ್ಗೀತೆಂದು ನಾನು ಹೇಳಲಾರೆ. ಮೊದಲ ವಾರ ಕೀಲಿಗಳ ಪಟ್ಟಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಬೇಕು. ಚಿತ್ರ ಬಿಡಿಸುವವರಿಗೆ ಮೌಸ್ ಬೇಕೇ ಬೇಕು. ಆದರೆ ಓದಿ ಬರೆಯುವ ಕೆಲಸವಿರುವವರು, ಕೈನೋವಿನವರು, ಒಮ್ಮೆ ಪರೀಕ್ಷಿಸಿ ನೋಡಬಹುದು. ನನ್ನ ಮಟ್ಟಿಗೆ, ನಾಲ್ಕನೆಯ ದಿನಚರಿ ಈಗ ಅರ್ಧ ಮುಗಿದಿದೆ.